ಮೊದಲು ಕಿವಿ, ಆಮೇಲೆ ಬಾಯಿ: ಎಟಿಸಿ ಕೆಲಸಕ್ಕೆ ಸೇರುವ ದಾರಿ

(ಎಟಿಸಿ, ಅಂದರೆ ವಿಮಾನಗಳ ಸಂಚಾರ ನಿಯಂತ್ರಿಸುವ ಕೆಲಸದ ಬಗ್ಗೆ, ಹಾಸನದ ಕಡೆಯ ಒಂದು ಕಾಲೇಜಿನಲ್ಲಿ ಕೊನೆಯ ವರ್ಷದ ವಿದ್ಯಾರ್ಥಿಗಳ ಮುಂದೆ ಆಡಿದ ಮಾತು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ಸ್ವಲ್ಪ ತಿದ್ದಿದ್ದೇನೆ.)

ಎಲ್ಲರೂ ಒಂದು ಪೆನ್ನು ತೆಗೆಯಿರಿ. ಹಾಳೆ ಇಲ್ಲದಿದ್ದರೆ ಅಂಗೈ ಮೇಲೆ ಬರೆದರೂ ನಡೆಯುತ್ತೆ. ನಾನು ಒಂದು ಮಾತು ಹೇಳುತ್ತೇನೆ, ಒಂದೇ ಸಲ. ಕಿವಿಗೆ ಬಿದ್ದದ್ದನ್ನು ಹಾಗೇ ಬರೆದುಕೊಳ್ಳಿ.

"ಐಫ್ಲೈ ಸಿಕ್ಸ್ ಟ್ರೀ ಫೋರ್ ಫೈಫ್, ಟರ್ನ್ ಲೆಫ್ಟ್ ಹೆಡಿಂಗ್ ಟೂ ಫೋರ್ ಜೀರೋ, ಡಿಸೆಂಡ್ ಟು ಸಿಕ್ಸ್ ಟೌಸೆಂಡ್ ಫೀಟ್, ಕ್ಯೂಎನ್‌ಎಚ್ ಒನ್ ಜೀರೋ ಒನ್ ಫೋರ್."

ಬರೆದಾಯಿತಾ? ಈಗ ಬೋರ್ಡ್ ನೋಡಿ. ಐಫ್ಲೈ ಅಂದರೆ ಇಂಡಿಗೋ, ವಿಮಾನ 6345. ಎಡಕ್ಕೆ ತಿರುಗಿ 240 ಡಿಗ್ರಿ. ಆರು ಸಾವಿರ ಅಡಿಗೆ ಇಳಿಯಬೇಕು. ಗಾಳಿಯ ಒತ್ತಡ 1014. ಪೂರ್ತಿ ಸರಿ ಇರುವವರು ಕೈ ಎತ್ತಿ. ಏಳು ಜನ. ಈ ಹಾಲ್‌ನಲ್ಲಿ ಎಂಬತ್ತು ಜನ ಇದ್ದೀರಿ, ಅಲ್ವಾ?

"ಇನ್ನೊಂದ್ಸಲ ಹೇಳಿ ಸರ್" ಅಂತ ಹಿಂದಿನ ಬೆಂಚಿನಿಂದ ಯಾರೋ ಕೂಗಿದರು. ಅವರದು ಸರಿಯಾದ ಬುದ್ಧಿ. ನಮ್ಮಲ್ಲಿ ಅದಕ್ಕೆಂದೇ "ಸೇ ಅಗೇನ್" ಎಂಬ ಮಾತಿದೆ, ದಿನಕ್ಕೆ ಎಷ್ಟು ಸಲ ಹೇಳಿದರೂ ಯಾರೂ ಬೈಯುವುದಿಲ್ಲ. ನನಗೆ ಭಯ ಆಗೋದು ಮೂರನೇ ಸಾಲಿನ ಈ ತಮ್ಮನನ್ನು ನೋಡಿ. 6354 ಅಂತ ಬರೆದು ಕೈ ಎತ್ತಿದ್ದಾನೆ. ಬೋರ್ಡ್ ನೋಡಿದ ಮೇಲೂ "ನೀವು ಫೈಫ್ ಫೋರ್ ಅಂದ್ರಿ ಸರ್" ಅನ್ನುತ್ತಿದ್ದಾನೆ. ಬೇಜಾರು ಮಾಡ್ಕೋಬೇಡಪ್ಪ. ಇದೇ ತಪ್ಪು ನಾನೂ ಮಾಡಿದ್ದೇನೆ. ಅದರ ಕಥೆ ಆಮೇಲೆ.

ನಾನು ಅರಸೀಕೆರೆ ತಾಲ್ಲೂಕಿನವನು. ಹತ್ತನೇ ತರಗತಿವರೆಗೆ ಕನ್ನಡ ಮೀಡಿಯಂ. 1997ರಲ್ಲಿ ಈ ಕೆಲಸಕ್ಕೆ ಸೇರಿದೆ, ಇನ್ನೂ ಅದರಲ್ಲೇ ಇದ್ದೇನೆ. ಇವತ್ತು ಆಡುತ್ತಿರುವುದು ನನ್ನ ಸ್ವಂತ ಮಾತು, ಇಲಾಖೆಯದಲ್ಲ. ಇಷ್ಟು ವರ್ಷ ಆದರೂ ಊರಿನ ಮದುವೆ ಮನೆಗಳಲ್ಲಿ ನನ್ನನ್ನು "ವಿಮಾನದ ಮುಂದೆ ನಿಂತು ಕೋಲು ಆಡಿಸೋರು" ಅಂತಲೇ ಪರಿಚಯಿಸುತ್ತಾರೆ. ಅವರು ಮಾರ್ಷಲರ್‌ಗಳು, ಅವರದು ಬೇರೆ ಕೆಲಸ. ನಾವು ಟವರ್ ಮೇಲೆ ಅಥವಾ ಕಿಟಕಿಯೇ ಇಲ್ಲದ ರೇಡಾರ್ ಕೋಣೆಯಲ್ಲಿ ಹೆಡ್‌ಸೆಟ್ ಹಾಕಿಕೊಂಡು ಕೂತಿರುತ್ತೇವೆ. ಯಾವ ವಿಮಾನ ಯಾವಾಗ ಏರಬೇಕು, ಎಷ್ಟು ಎತ್ತರದಲ್ಲಿರಬೇಕು, ಯಾರ ಹಿಂದೆ ಯಾರು ಇಳಿಯಬೇಕು ಅಂತ ಹೇಳುವುದು ನಮ್ಮ ಪಾಲು. ಒಂದರ ಮೇಲೊಂದು ಹಾರುವ ವಿಮಾನಗಳ ನಡುವೆ ಸಾಮಾನ್ಯವಾಗಿ ಒಂದು ಸಾವಿರ ಅಡಿ ಅಂತರ ಇರಬೇಕು. ಆ ಸಾವಿರ ಅಡಿಯನ್ನು ಕಾಯೋದೇ ನಮ್ಮ ಸಂಬಳ.

ಈಗ ಅರ್ಜಿಯ ವಿಷಯ. ನೀವು ಬಂದಿರೋದೇ ಅದಕ್ಕೆ, ಗೊತ್ತು.

ನಾಗರಿಕ ವಿಮಾನ ನಿಲ್ದಾಣಗಳಲ್ಲಿ ಈ ಕೆಲಸಕ್ಕೆ ಜನ ತೆಗೆದುಕೊಳ್ಳುವುದು ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರ, ಎಎಐ. ದೇವನಹಳ್ಳಿಯ ನಿಲ್ದಾಣವನ್ನು ಖಾಸಗಿ ಕಂಪನಿ ನಡೆಸಿದರೂ ಅಲ್ಲಿನ ಟವರ್‌ನಲ್ಲಿ ಕೂರುವವರು ಎಎಐನವರೇ. ಬೆಂಗಳೂರಿನ ಹಳೇ ನಿಲ್ದಾಣದಲ್ಲಿ ಮಾತ್ರ ಎಚ್‌ಎಎಲ್‌ನ ಸ್ವಂತ ಕಂಟ್ರೋಲರ್‌ಗಳಿದ್ದಾರೆ. ನೌಕಾಪಡೆ, ವಾಯುಪಡೆಗಳದ್ದು ಬೇರೆಯೇ ದಾರಿ, ಇವತ್ತು ಅದಕ್ಕೆ ಹೋಗುವುದಿಲ್ಲ.

ಹುದ್ದೆಯ ಹೆಸರು ಜೂನಿಯರ್ ಎಕ್ಸಿಕ್ಯೂಟಿವ್, ಏರ್ ಟ್ರಾಫಿಕ್ ಕಂಟ್ರೋಲ್. ಮೂಲ ವೇತನ 40,000 ರೂಪಾಯಿಯಿಂದ ಶುರು. ಎಲ್ಲ ಸೇರಿ ವರ್ಷಕ್ಕೆ ಸುಮಾರು 13 ಲಕ್ಷ ಅಂತ ಅಧಿಸೂಚನೆಯಲ್ಲೇ ಹಾಕುತ್ತಾರೆ. 2022ರಲ್ಲಿ 400 ಹುದ್ದೆ ಕರೆದಿದ್ದರು, 2023ರಲ್ಲಿ 496, 2025ರಲ್ಲಿ 309. ವಯಸ್ಸು 27 ಮೀರಿರಬಾರದು. ಒಬಿಸಿಯವರಿಗೆ ಮೂರು ವರ್ಷ, ಎಸ್‌ಸಿ, ಎಸ್‌ಟಿಯವರಿಗೆ ಐದು ವರ್ಷ ಸಡಿಲಿಕೆ ಇದೆ.

ಇಲ್ಲಿ ನಮ್ಮ ಕಡೆಯ ಮಕ್ಕಳು ಎಡವುವ ಒಂದು ಜಾಗ ಇದೆ. ನಾಡಕಚೇರಿಯಿಂದ ತಂದ 2ಎ ಅಥವಾ 3ಬಿ ಪ್ರಮಾಣಪತ್ರ ಅಪ್‌ಲೋಡ್ ಮಾಡಿ ಸುಮ್ಮನಾಗುತ್ತಾರೆ. ಅದು ರಾಜ್ಯ ಸರ್ಕಾರದ ಕೆಲಸಗಳಿಗೆ. ಇದು ಕೇಂದ್ರದ ನೇಮಕಾತಿ. ನಿಮ್ಮ ಜಾತಿ ಕೇಂದ್ರದ ಒಬಿಸಿ ಪಟ್ಟಿಯಲ್ಲಿ ಇದೆಯಾ ನೋಡಿಕೊಳ್ಳಿ. ಇದ್ದರೆ ಕೇಂದ್ರದ ನಮೂನೆಯಲ್ಲೇ, ಕೆನೆಪದರದಲ್ಲಿ ಇಲ್ಲ ಎಂದು ಬರೆದಿರುವ ಪತ್ರವನ್ನು ತಹಶೀಲ್ದಾರರಿಂದ ಮೊದಲೇ ಮಾಡಿಸಿಟ್ಟುಕೊಳ್ಳಿ. ಅರ್ಜಿಗೆ ಕೊನೇ ದಿನ ಬಂದಾಗ ಓಡಿದರೆ ಅಲ್ಲಿ ಸರ್ವರ್ ಡೌನ್ ಇರುತ್ತೆ.

ಓದು ಏನಾಗಿರಬೇಕು? ಬಿಎಸ್‌ಸಿಯವರಿಗೆ ಫಿಸಿಕ್ಸ್, ಮ್ಯಾತ್ಸ್ ಎರಡೂ ಇರಬೇಕು. ಫಿಸಿಕ್ಸ್ ಜೊತೆ ಕಂಪ್ಯೂಟರ್ ಸೈನ್ಸ್ ತಗೊಂಡು ಮ್ಯಾತ್ಸ್ ಬಿಟ್ಟಿದ್ದರೆ ಆಗುವುದಿಲ್ಲ. ಬಿಸಿಎ ಆಗುವುದಿಲ್ಲ. ಮನೆಯಲ್ಲೇ ಕೂತು ಅಂಚೆ ಮೂಲಕ ಓದಿದ್ದೂ ಆಗುವುದಿಲ್ಲ, ಕಾಲೇಜಿಗೆ ಹೋಗಿ ಓದಿದ ಪೂರ್ಣಾವಧಿ ಪದವಿಯೇ ಬೇಕು. ಎಂಜಿನಿಯರಿಂಗ್ ಆದರೆ ಯಾವ ಬ್ರಾಂಚ್ ಆದರೂ ಸರಿ, ಯಾವುದಾದರೂ ಒಂದು ಸೆಮಿಸ್ಟರ್‌ನಲ್ಲಿ ಫಿಸಿಕ್ಸ್, ಮ್ಯಾತ್ಸ್ ಓದಿದ್ದರೆ ಸಾಕು. ಇನ್ನು, ಎಂಜಿನಿಯರಿಂಗ್‌ನವರು ಬರೆಯುವ ರಾಷ್ಟ್ರಮಟ್ಟದ ಗೇಟ್ ಪರೀಕ್ಷೆ ಬರೆದರೆ ಎಟಿಸಿ ಸಿಗುತ್ತಾ ಅಂತ ಕೇಳುತ್ತಾರೆ. ಇಲ್ಲ. ಎಎಐನ ಎಲೆಕ್ಟ್ರಾನಿಕ್ಸ್, ಸಿವಿಲ್, ಎಲೆಕ್ಟ್ರಿಕಲ್ ಹುದ್ದೆಗಳಿಗೆ ಗೇಟ್ ಅಂಕ ನೋಡುತ್ತಾರೆ. ಎಟಿಸಿಗೆ ಎಎಐದೇ ಬೇರೆ ಪರೀಕ್ಷೆ.

ಹಾಗೇ ಒಂದು ಎಚ್ಚರಿಕೆ. "ನಮ್ಮ ಡಿಪ್ಲೊಮಾ ಮಾಡಿ, ಎಟಿಸಿ ಕೆಲಸ ಗ್ಯಾರಂಟಿ" ಅನ್ನುವ ಜಾಹೀರಾತುಗಳು ಮೊಬೈಲ್‌ನಲ್ಲಿ ಬರುತ್ತವೆ. ಯಾವ ಖಾಸಗಿ ಸಂಸ್ಥೆಯ ಸರ್ಟಿಫಿಕೇಟೂ ನಿಮ್ಮನ್ನು ಟವರ್ ಹತ್ತಿಸುವುದಿಲ್ಲ. ತರಬೇತಿ ಕೊಡುವುದು ಆಯ್ಕೆ ಆದ ಮೇಲೆ, ಎಎಐನೇ. ನನ್ನ ಅಕ್ಕನ ಮಗನೇ ಇಂಥ ಒಂದು ಕಡೆ ಲಕ್ಷಗಟ್ಟಲೆ ಕಟ್ಟಿ ಬಂದ, ನನ್ನನ್ನು ಒಂದು ಮಾತೂ ಕೇಳದೆ. ಮನೆ ದೀಪದ ಕೆಳಗೇ ಕತ್ತಲೆ ನೋಡಿ.

ಪರೀಕ್ಷೆ ಆನ್‌ಲೈನ್. 120 ಪ್ರಶ್ನೆ, 120 ಅಂಕ, 120 ನಿಮಿಷ. ಅರ್ಧ ಅಂಕ ಫಿಸಿಕ್ಸ್, ಮ್ಯಾತ್ಸ್‌ಗೆ. ಉಳಿದರ್ಧ ಇಂಗ್ಲಿಷ್, ರೀಸನಿಂಗ್, ಲೆಕ್ಕಾಚಾರ, ಸಾಮಾನ್ಯ ಜ್ಞಾನಕ್ಕೆ. ತಪ್ಪಿಗೆ ಅಂಕ ಕಳೆಯುವುದಿಲ್ಲ, ಹಾಗಾಗಿ ಒಂದು ಪ್ರಶ್ನೆಯನ್ನೂ ಖಾಲಿ ಬಿಟ್ಟು ಬರಬೇಡಿ. ಪ್ರಶ್ನೆಗಳು ಇಂಗ್ಲಿಷ್, ಹಿಂದಿಯಲ್ಲಿ ಇರುತ್ತವೆ, ಕನ್ನಡದಲ್ಲಿ ಇಲ್ಲ. ಫಿಸಿಕ್ಸ್ ಪ್ರಶ್ನೆಯನ್ನು ಹಿಂದಿಯಲ್ಲಿ ಕೇಳಬಹುದು, ಕನ್ನಡದಲ್ಲಿ ಯಾಕೆ ಕೇಳಬಾರದು ಎಂಬ ಸಿಟ್ಟು ನನಗೂ ಇದೆ. ಆ ಸಿಟ್ಟು ಇರಲಿ, ತಯಾರಿಯೂ ಇರಲಿ.

ನಿಜ ಹೇಳಬೇಕೆಂದರೆ ಈ ಬರಹದ ಪರೀಕ್ಷೆಗೂ ನಮ್ಮ ದಿನದ ಕೆಲಸಕ್ಕೂ ಸಂಬಂಧ ಕಡಿಮೆ. ಮೂವತ್ತು ವರ್ಷ ಹತ್ತಿರ ಬಂತು, ಟವರ್‌ನಲ್ಲಿ ಕೂತು ನಾನು ಒಂದೇ ಒಂದು ಇಂಟಿಗ್ರೇಷನ್ ಮಾಡಿಲ್ಲ. ಯುರೋಪಿನಲ್ಲಿ ಫೀಸ್ಟ್ ಎಂಬ ಪರೀಕ್ಷೆ ಇದೆ, ಅಮೆರಿಕದಲ್ಲಿ ಆಟ್ಸಾ. ಅವುಗಳಲ್ಲಿ ಡಿಗ್ರಿ ಫಿಸಿಕ್ಸ್ ಕೇಳುವುದಿಲ್ಲ. ಪರದೆ ಮೇಲೆ ಚುಕ್ಕೆಗಳು ಓಡಾಡುತ್ತಿರುತ್ತವೆ, ಯಾವುದಕ್ಕೆ ಯಾವುದು ಡಿಕ್ಕಿ ಹೊಡೆಯಬಹುದು ಎಂದು ಹಿಡಿಯಬೇಕು, ಅದರ ನಡುವೆಯೇ ಲೆಕ್ಕವನ್ನೂ ಬಿಡಿಸಬೇಕು. ನೆನಪು ಎಷ್ಟು, ಎರಡು ಕೆಲಸ ಒಟ್ಟಿಗೆ ಬಂದಾಗ ತಲೆ ಹೇಗೆ ನಡೆಯುತ್ತೆ ಅಂತ ನೋಡುತ್ತಾರೆ. ನಮ್ಮಲ್ಲಿ ಅಷ್ಟು ಜನರನ್ನು ಸೋಸಲು ಫಿಸಿಕ್ಸ್, ಮ್ಯಾತ್ಸ್ ಒಂದು ಜರಡಿ, ಅಷ್ಟೇ. ಹಾಗಾಗಿ ತೊಂಬತ್ತು ಅಂಕ ತೆಗೆದ ಹುಡುಗ ಒಳ್ಳೇ ಕಂಟ್ರೋಲರ್ ಆಗುತ್ತಾನೆ ಅಂತ ನಾನಂತೂ ಹೇಳಲಾರೆ. ಅವನ ಕಿವಿ ಹೇಗಿದೆ ಅಂತ ಯಾರೂ ಇನ್ನೂ ನೋಡಿಲ್ಲ.

ಅದನ್ನು ಸ್ವಲ್ಪ ನೋಡುವುದು ವಾಯ್ಸ್ ಟೆಸ್ಟ್‌ನಲ್ಲಿ. ಬರಹದ ಪರೀಕ್ಷೆ ಪಾಸಾದವರನ್ನು ದಾಖಲೆ ಪರಿಶೀಲನೆಗೆ ಕರೆದಾಗ ಇದೂ ಇರುತ್ತೆ. ಇಂಗ್ಲಿಷ್‌ನಲ್ಲಿ ಒಂದು ತುಣುಕು ಓದಿಸುತ್ತಾರೆ, ಒಂದೆರಡು ಮಾತು ಆಡಿಸುತ್ತಾರೆ. ಇದಕ್ಕೆ ಅಂಕ ಇಲ್ಲ, ಪಾಸ್ ಅಥವಾ ಫೇಲ್. ಕನ್ನಡ ಮೀಡಿಯಂ ಮಕ್ಕಳು ಅತಿ ಹೆಚ್ಚು ಹೆದರುವುದು ಇದಕ್ಕೇ. ನಾನೂ ಹೆದರಿದ್ದೆ.

ಹೆದರಬೇಕಾಗಿಲ್ಲ ಅಂತ ಯಾಕೆ ಹೇಳುತ್ತೇನೆ ಕೇಳಿ. ಈಗ ತಾನೆ ನಾನು "ತ್ರೀ" ಅನ್ನಲಿಲ್ಲ, "ಟ್ರೀ" ಅಂದೆ. ಕೆಲವರು ಮುಸಿಮುಸಿ ನಕ್ಕರು. ಅದು ನನ್ನ ಹಳ್ಳಿ ಇಂಗ್ಲಿಷ್ ಅಲ್ಲಪ್ಪ! ವಿಮಾನಯಾನದ ಅಂತರರಾಷ್ಟ್ರೀಯ ಸಂಸ್ಥೆ ಐಕಾವೋ ಮೂರಕ್ಕೆ "ಟ್ರೀ" ಅಂತಲೇ ಹೇಳಿ ಅನ್ನುತ್ತೆ. ಐದಕ್ಕೆ "ಫೈಫ್", ಒಂಬತ್ತಕ್ಕೆ "ನೈನರ್", ಸಾವಿರಕ್ಕೆ "ಟೌಸೆಂಡ್". ರೇಡಿಯೋದ ಗರಗರ ಸದ್ದಿನಲ್ಲಿ ಫೈವ್, ನೈನ್ ಎರಡೂ ಒಂದೇ ಥರ ಕೇಳುತ್ತವೆ, ಅದಕ್ಕೆ ಹೀಗೆ. ಕಾನ್ವೆಂಟ್‌ನಲ್ಲಿ ನಾಲಿಗೆ ಹಲ್ಲಿಗೆ ತಾಗಿಸಿ "ಥ್ರೀ" ಕಲಿತವರು ಇಲ್ಲಿ ಬಂದು ಅದನ್ನು ಮರೆಯಬೇಕು. ನಾವು ಮೊದಲಿಂದಲೂ "ಟ್ರೀ" ಅಂತಲೇ ಅನ್ನುತ್ತಿದ್ದೆವು.

ನಮ್ಮ ತೊಂದರೆ ಬೇರೆ. ಇಂಗ್ಲಿಷ್ ಪದಕ್ಕೆ ಕೊನೆಯಲ್ಲಿ ಉಕಾರ ಸೇರಿಸುತ್ತೇವೆ. ಬಸ್ಸು, ಕಾರು, ರೋಡು. ಬಾಯಿಗೆ ಅದೇ ರೂಢಿ. "ಟರ್ನು ಲೆಫ್ಟು ಹೆಡಿಂಗು" ಅಂತ ನಾನು ತರಬೇತಿಯಲ್ಲಿ ಹೇಳಿದಾಗ ಉತ್ತರದ ಕಡೆಯ ಗೆಳೆಯರು ವಾರಗಟ್ಟಲೆ ಅದನ್ನೇ ಹಾಡಿದರು. ಅವರದೇನು ಕಡಿಮೆ, "ಇಸ್ಟಾಪ್, ಇಸ್ಟ್ಯಾಂಡ್ ಬೈ" ಅನ್ನುತ್ತಿದ್ದರು. ಇನ್ನು ನಮ್ಮ ಹಳೇ ಮೈಸೂರಿನವರ ಹಕಾರ, ಅಕಾರ. "ಹೋಲ್ಡ್" ಅನ್ನೋದು "ಓಲ್ಡ್" ಆಗಬಾರದು. ಎರಡು ತಿಂಗಳು ಕೂತರೆ ತಿದ್ದಿಕೊಳ್ಳಬಹುದು. ದಿನಾ ಹತ್ತು ನಿಮಿಷ ಇಂಗ್ಲಿಷ್ ಪೇಪರನ್ನು ಜೋರಾಗಿ ಓದಿ, ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ, ಆಮೇಲೆ ಕೇಳಿ. ಮೊದಲ ಸಲ ನಿಮ್ಮ ದನಿ ನಿಮಗೇ ಹಿಂಸೆ ಅನ್ನಿಸುತ್ತೆ. ಅನ್ನಿಸಲಿ. ಒಂದೇ ಹದದಲ್ಲಿ, ಓಡದೆ, ನಿಲ್ಲದೆ, ಬಿಡಿಬಿಡಿಯಾಗಿ ಓದುವುದು ಬಂದರೆ ಆಯಿತು. ಟಿವಿ ನಿರೂಪಕರ ಥರ ಓದಲು ಹೋದವರೇ ಅಲ್ಲಿ ಮುಗ್ಗರಿಸೋದು ಜಾಸ್ತಿ.

ಕಿವಿಗೂ ಒಂದು ಆಟ ಹೇಳಿಕೊಡುತ್ತೇನೆ. ಬಸ್ ಸ್ಟ್ಯಾಂಡಿನಲ್ಲಿ ಸುಮ್ನೆ ಕೂತಿರುತ್ತೀರಲ್ಲ, ಕೆಎಸ್‌ಆರ್‌ಟಿಸಿ ಬಸ್ಸಿನ ನಂಬರ್ ನೋಡಿ. ಕೆಎ 13 ಎಫ್ ಅಂತ ಇರುತ್ತೆ, ಮುಂದೆ ನಾಲ್ಕು ಅಂಕಿ. ಗೆಳೆಯ ಅದನ್ನು ನಮ್ಮ ರೇಡಿಯೋ ಭಾಷೆಯಲ್ಲಿ ಹೇಳಲಿ: ಕಿಲೋ ಆಲ್ಫಾ ಒನ್ ಟ್ರೀ ಫಾಕ್ಸ್‌ಟ್ರಾಟ್ ಟೂ ಟೂ ನೈನರ್ ಫೈಫ್. ನೀವು ಬಸ್ ನೋಡದೆ ಹಾಗೇ ತಿರುಗಿ ಹೇಳಿ. ಡಬಲ್ ಟೂ, ಟ್ರಿಪಲ್ ಫೋರ್ ಅನ್ನುವ ಚಾಳಿ ಬಿಡಿ, ಅಂಕಿ ಒಂದೊಂದೇ ಬರಬೇಕು. ಒಂದು ವಾರದಲ್ಲಿ ನಾಲ್ಕು ಬಸ್ ಒಟ್ಟಿಗೆ ತಲೆಯಲ್ಲಿ ಉಳಿಯುತ್ತವೆ.

ಇದಾದ ಮೇಲೆ ಮಾದಕ ವಸ್ತು ಪರೀಕ್ಷೆ, ಮಾನಸಿಕ ಮೌಲ್ಯಮಾಪನ, ಆಮೇಲೆ ವೈದ್ಯಕೀಯ ತಪಾಸಣೆ. ಕೆಮ್ಮಿಗೆ, ನಿದ್ದೆಗೆ ಏನಾದರೂ ಔಷಧಿ ತಗೊಳ್ಳುತ್ತಿದ್ದರೆ ಚೀಟಿ ಜೊತೆಗಿಟ್ಟುಕೊಂಡು ಮೊದಲೇ ಹೇಳಿ. ಕನ್ನಡಕ ಇದ್ದರೆ ತೊಂದರೆ ಇಲ್ಲ. ಬಣ್ಣ ಸರಿಯಾಗಿ ಕಾಣಬೇಕು. ರೇಡಿಯೋ ಕೆಟ್ಟ ವಿಮಾನಕ್ಕೆ ನಾವು ಟವರ್‌ನಿಂದ ದೀಪ ತೋರಿಸುತ್ತೇವೆ, ಹಸಿರು ನಿಂತಿದ್ದರೆ ಇಳಿಯಬಹುದು, ಕೆಂಪು ನಿಂತಿದ್ದರೆ ದಾರಿ ಬಿಟ್ಟು ಸುತ್ತು ಹಾಕುತ್ತಿರಬೇಕು. ಹಸಿರು, ಕೆಂಪು ಒಂದೇ ಥರ ಕಾಣುವವರ ಕೈಗೆ ಆ ದೀಪ ಕೊಡೋಕಾಗಲ್ಲ.

ಈಗ ನನ್ನ ತಪ್ಪಿನ ಕಥೆ.

ಆಯ್ಕೆಯಾದ ಮೇಲೆ ನನ್ನನ್ನು ಅಲಹಾಬಾದ್‌ಗೆ ಕಳಿಸಿದರು, ಈಗಿನ ಪ್ರಯಾಗ್‌ರಾಜ್. ಅಲ್ಲಿ ಬಮ್ರೌಲಿ ಅಂತ ಒಂದು ಜಾಗ. 1948ರಿಂದ ಇರುವ ತರಬೇತಿ ಕಾಲೇಜು. ಸಿಮ್ಯುಲೇಟರ್‌ನಲ್ಲಿ ಒಬ್ಬರು ಕಂಟ್ರೋಲರ್ ಆಗಿ ಕೂತರೆ, ಪಕ್ಕದ ಕೋಣೆಯಲ್ಲಿ ಗೆಳೆಯರು ಪೈಲಟ್‌ಗಳಾಗುತ್ತಾರೆ. ನಾನು ಒಂದು ವಿಮಾನಕ್ಕೆ "ಫ್ಲೈಟ್ ಲೆವೆಲ್ ಒನ್ ಜೀರೋ ಜೀರೋ" ಅಂದೆ, ಅಂದರೆ ಹತ್ತು ಸಾವಿರ ಅಡಿ. ಪೈಲಟ್ ಅದನ್ನು ತಿರುಗಿ ಹೇಳಬೇಕು, ಅದಕ್ಕೆ ರೀಡ್‌ಬ್ಯಾಕ್ ಅನ್ನುತ್ತೇವೆ. ಅವನು ಹೇಳಿದ. ನಾನು ಮುಂದಿನ ವಿಮಾನಕ್ಕೆ ಹೋದೆ. ಎರಡು ನಿಮಿಷಕ್ಕೆ ಪರದೆಯ ಮೇಲೆ ಎರಡು ಚುಕ್ಕೆ ಒಂದಾದವು. ಹಿಂದೆ ನಿಂತಿದ್ದ ಮಾಸ್ತರರು ಆಟ ನಿಲ್ಲಿಸಿ ಟೇಪ್ ಹಾಕಿದರು. ಗೆಳೆಯ ಸ್ಪಷ್ಟವಾಗಿ "ಒನ್ ಒನ್ ಜೀರೋ" ಅಂದಿದ್ದ. ಹನ್ನೊಂದು ಸಾವಿರ. ಬೇಕಂತಲೇ ತಪ್ಪು ಹೇಳು ಅಂತ ಮಾಸ್ತರರೇ ಅವನಿಗೆ ಚೀಟಿ ಕೊಟ್ಟಿದ್ದರಂತೆ. ನಾನು ಟೇಪ್ ಕೇಳಿದ ಮೇಲೂ "ಇಲ್ಲ ಸರ್, ಆಗ ಜೀರೋ ಜೀರೋ ಅಂದ" ಅಂತ ವಾದ ಮಾಡಿದೆ. "ಅವನು ಬಾಯಿ ತೆಗೆಯುವ ಮೊದಲೇ ನಿನಗೆ ಕೇಳಿಸಿಬಿಟ್ಟಿತ್ತು" ಅಂದರು. ಮೂರನೇ ಸಾಲಿನ ತಮ್ಮ, ಗೊತ್ತಾಯ್ತಾ ನಾನು ಯಾಕೆ ನಿನ್ನ ಮೇಲೆ ಬೇಜಾರು ಮಾಡಿಕೊಳ್ಳಲಿಲ್ಲ ಅಂತ?

ನಾವು ಬಮ್ರೌಲಿಗೆ ಹೋದಾಗ ಹರಿಯಾಣದ ಚರ್ಖಿ ದಾದ್ರಿಯ ವಿಮಾನ ಅಪಘಾತ ಆಗಿ ಕೆಲವೇ ತಿಂಗಳಾಗಿತ್ತು. 1996ರ ನವೆಂಬರ್ 12. ದೆಹಲಿಯಿಂದ ಏರುತ್ತಿದ್ದ ಸೌದಿ ವಿಮಾನಕ್ಕೆ 14,000 ಅಡಿ. ದೆಹಲಿಗೆ ಇಳಿಯುತ್ತಿದ್ದ ಕಝಾಕಿಸ್ತಾನದ ವಿಮಾನಕ್ಕೆ 15,000 ಅಡಿ. ಕಝಾಕ್ ವಿಮಾನ ತನಗೆ ಕೊಟ್ಟ ಎತ್ತರ ಬಿಟ್ಟು ಕೆಳಗಿಳಿಯಿತು, ಎರಡೂ ಆಕಾಶದಲ್ಲೇ ಡಿಕ್ಕಿ ಹೊಡೆದವು. 349 ಜನ ಹೋದರು. ಆಗ ದೆಹಲಿಯ ರೇಡಾರ್‌ನಲ್ಲಿ ವಿಮಾನದ ಎತ್ತರ ಕಾಣುತ್ತಿರಲಿಲ್ಲ. ಪೈಲಟ್ ಬಾಯಲ್ಲಿ ಹೇಳಿದ್ದಷ್ಟೇ ಕಂಟ್ರೋಲರ್‌ಗೆ ಆಧಾರ. ತನಿಖೆ ಮಾಡಿದ ಲಹೋಟಿ ಆಯೋಗ ಕಝಾಕ್ ಸಿಬ್ಬಂದಿಯ ಕಡೆ ಬೊಟ್ಟು ಮಾಡಿತು, ಅವರ ಇಂಗ್ಲಿಷ್ ಸಾಲದೆ ಇದ್ದದ್ದೂ ಚರ್ಚೆಗೆ ಬಂತು. ಇಂಥ ಅಪಘಾತಗಳನ್ನು ನೋಡಿಯೇ ಐಕಾವೋ ಪೈಲಟ್‌ಗಳಿಗೂ ನಮಗೂ ಇಂಗ್ಲಿಷ್ ಮಾತಿನ ಪರೀಕ್ಷೆ ತಂದಿದ್ದು. ಆರು ಮಟ್ಟ ಇವೆ, ಕನಿಷ್ಠ ನಾಲ್ಕನೆಯದು ಬೇಕು. ಅಲ್ಲೂ ಷೇಕ್ಸ್‌ಪಿಯರ್ ಕೇಳಲ್ಲ. ಅರ್ಥ ಆಯಿತಾ, ಆಗದಿದ್ದರೆ ಕೇಳಿ ತಿಳಿದುಕೊಂಡಿರಾ, ಇಷ್ಟೇ.

ಬಮ್ರೌಲಿ ಮುಗಿದರೆ ಕೆಲಸ ಶುರು ಅಂದುಕೊಳ್ಳಬೇಡಿ. ಯಾವುದೋ ನಿಲ್ದಾಣಕ್ಕೆ ಹಾಕುತ್ತಾರೆ. ಇಂಫಾಲ, ಅಗರ್ತಲಾ, ಎಲ್ಲಿ ಬೇಕಾದರೂ. ಮನೆಯಲ್ಲಿ ಅಮ್ಮನಿಗೆ ಈಗಲೇ ಹೇಳಿಡಿ. ಅಲ್ಲಿ ಅನುಭವಿ ಕಂಟ್ರೋಲರ್ ಪಕ್ಕದಲ್ಲಿ ಹೆಡ್‌ಸೆಟ್ ಚುಚ್ಚಿಕೊಂಡು ಕೂತಿರುತ್ತಾರೆ, ನೀವು ನಿಜವಾದ ವಿಮಾನಗಳ ಜೊತೆ ಮಾತಾಡುತ್ತೀರಿ, ತಪ್ಪಿದರೆ ಅವರು ಬಾಯಿ ಹಾಕುತ್ತಾರೆ. ತಿಂಗಳುಗಳ ಕಾಲ ಹೀಗೆ. ಆಮೇಲೆ ರೇಟಿಂಗ್ ಪರೀಕ್ಷೆ, ಬರಹ, ಬಾಯಿಮಾತು, ಕೂತು ಮಾಡಿ ತೋರಿಸುವುದು. ರೇಟಿಂಗ್ ಅಂದರೆ ಆ ಜಾಗದಲ್ಲಿ ಒಬ್ಬರೇ ಕೂತು ಕೆಲಸ ಮಾಡಲು ಅನುಮತಿ. ಟವರ್‌ಗೆ ಒಂದು ರೇಟಿಂಗ್, ನಿಲ್ದಾಣಕ್ಕೆ ಬರುವ, ಹೊರಡುವ ವಿಮಾನಗಳನ್ನು ನೋಡುವ ಅಪ್ರೋಚ್‌ಗೆ ಒಂದು, ದೂರದ ದಾರಿಯಲ್ಲಿ ಹಾರುವವನ್ನು ನೋಡುವ ಏರಿಯಾಗೆ ಒಂದು. ಇನ್ನೊಂದು ಊರಿಗೆ ವರ್ಗವಾದರೆ ಮತ್ತೆ ಹೊಸದಾಗಿ. ಐವತ್ತು ದಾಟಿದ ನಾನು ಮೊನ್ನೆ ಮೊನ್ನೆ ನನ್ನ ಮಗಳ ವಯಸ್ಸಿನ ಹುಡುಗಿಯ ಎದುರು ಕೂತು ಪರೀಕ್ಷೆ ಕೊಟ್ಟೆ.

ಕಿವಿ ಅಂದರೆ ರೇಡಿಯೋಗೆ ಮಾತ್ರ ಅಲ್ಲ. 2022ರ ಜನವರಿ 7ರಂದು ಬೆಂಗಳೂರಿನಲ್ಲಿ ಎರಡು ರನ್‌ವೇಗಳಿಂದ ಎರಡು ವಿಮಾನ ಹೆಚ್ಚುಕಮ್ಮಿ ಒಂದೇ ಹೊತ್ತಿಗೆ ಏರಿ ಹತ್ತಿರ ಬಂದವು. ಒಂದೇ ರನ್‌ವೇ ಬಳಸುವುದೆಂದು ತೀರ್ಮಾನವಾಗಿದ್ದು ಇನ್ನೊಂದು ರನ್‌ವೇ ನೋಡುತ್ತಿದ್ದ ಕಂಟ್ರೋಲರ್‌ಗೆ ತಲುಪಿರಲಿಲ್ಲ. ಅಪ್ರೋಚ್ ರೇಡಾರ್‌ನವರು ನೋಡಿ ಇಬ್ಬರಿಗೂ ಬೇರೆ ದಿಕ್ಕು ಕೊಟ್ಟರು, ಬಚಾವ್. ಒಂದೇ ಕಟ್ಟಡದಲ್ಲಿ ಆಡಬೇಕಿದ್ದ ಒಂದು ಮಾತು, ಅಷ್ಟೇ.

ಮಾತು ಮುಗಿಸಿ ಕಾಫಿ ಕುಡಿಯುತ್ತಿದ್ದಾಗ ಒಬ್ಬ ಹುಡುಗ ಬಂದ. ಎಲ್ಲರೂ ಹೋಗಲಿ ಅಂತ ಕಾದಿದ್ದ ಅನ್ನಿಸುತ್ತೆ. ಅಂಗೈ ತೋರಿಸಿದ. 6345, 240, 6000, 1014. ಎಲ್ಲ ಸರಿ, ಪೆನ್ನಿನ ಶಾಯಿ ಬೆವರಿಗೆ ಸ್ವಲ್ಪ ಹರಡಿತ್ತು. "ಕೈ ಯಾಕೆ ಎತ್ತಲಿಲ್ಲ?" ಅಂದೆ. ಉತ್ತರ ಬರಲು ಹೊತ್ತು ಹಿಡಿಯಿತು. ಅವನಿಗೆ ಉಗ್ಗು ಇತ್ತು. ಎದ್ದು ನಿಲ್ಲಿಸಿ ಓದಿಸಿಬಿಟ್ಟರೆ ಅಂತ ಹೆದರಿದ್ದ.

ಸುಳ್ಳು ಹೇಳಲು ಮನಸ್ಸಾಗಲಿಲ್ಲ. ವಾಯ್ಸ್ ಟೆಸ್ಟ್‌ನಲ್ಲಿ ಅದನ್ನು ನೋಡಿಯೇ ನೋಡುತ್ತಾರೆ, ದಾಟುವುದು ಕಷ್ಟ ಅಂದೆ. ತಲೆ ಆಡಿಸಿದ, ಅವನಿಗೆ ಗೊತ್ತಿದ್ದ ಮಾತೇ. ಬ್ರಾಂಚ್ ಯಾವುದು ಕೇಳಿದೆ. ಎಲೆಕ್ಟ್ರಾನಿಕ್ಸ್. ಹಾಗಾದರೆ ಕೂತ್ಕೋ ಅಂದೆ. ನಾನು ಮಾತಾಡುವ ರೇಡಿಯೋ, ನಾನು ನೋಡುವ ರೇಡಾರ್, ಮಂಜಿನಲ್ಲಿ ವಿಮಾನವನ್ನು ರನ್‌ವೇಗೆ ಕರೆತರುವ ಐಎಲ್‌ಎಸ್, ಇವನ್ನೆಲ್ಲ ನೋಡಿಕೊಳ್ಳುವವರು ನಮ್ಮದೇ ಎಎಐನ ಎಲೆಕ್ಟ್ರಾನಿಕ್ಸ್‌ನವರು, ಸಿಎನ್‌ಎಸ್ ಅಂತ ಕರೆಯುತ್ತೇವೆ. ಅದಕ್ಕೆ ಗೇಟ್ ಅಂಕ ಬೇಕು, ವಾಯ್ಸ್ ಟೆಸ್ಟ್ ಇಲ್ಲ. ರಾತ್ರಿ ಎರಡು ಗಂಟೆಗೆ ನನ್ನ ರೇಡಿಯೋ ಕೆಟ್ಟರೆ ನಾನು ಮೊದಲು ಫೋನ್ ಮಾಡುವುದು ಅವರಿಗೇ. ಹುಡುಗ ಪೆನ್ನು ತೆಗೆದ. ಅಂಗೈಯಲ್ಲಿ ಜಾಗ ಇರಲಿಲ್ಲ, ಮಣಿಕಟ್ಟಿನ ಹತ್ತಿರ "ಗೇಟ್, ಸಿಎನ್‌ಎಸ್" ಅಂತ ಬರೆದುಕೊಂಡು, ಬಸ್ಸಿಗೆ ಹೊತ್ತಾಯಿತು ಅಂತ ಹೊರಟ.